ಹಡಗಿಲ್ಲದ ಊರಿನ ಹಾರ್ಬರ್

ಇಂಗ್ಲಿಷ್ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರಿಗೆ ಒಂದೇ ಪದ ಒಂದೇ ದಿನ ಮೂರು ವೇಷದಲ್ಲಿ ಎದುರಾಗುವುದುಂಟು. ಕರಾವಳಿಯ ಸುದ್ದಿಯಲ್ಲಿ 'ಹಾರ್ಬರ್' ಎಂದರೆ ಮೀನುಗಾರಿಕೆ ದೋಣಿಗಳು ಸಾಲುಗಟ್ಟಿ ನಿಂತ ಮಲ್ಪೆ. ಅಪರಾಧ ಸುದ್ದಿಯಲ್ಲಿ ಅದೇ ಪದ ಕ್ರಿಯಾಪದವಾಗುತ್ತದೆ. ತಲೆಮರೆಸಿಕೊಂಡ ಆರೋಪಿಯನ್ನು ಮನೆಯಲ್ಲಿ ಇಟ್ಟುಕೊಂಡವನು ಅವನನ್ನು 'ಹಾರ್ಬರ್' ಮಾಡಿದ ಎಂದಾಗುತ್ತದೆ. ಆರೋಗ್ಯದ ಅಂಕಣಕ್ಕೆ ಬಂದರೆ ಕಾಡಿನ ಉಣುಗು ಮಂಗನ ಕಾಯಿಲೆಯ ವೈರಸ್ಸನ್ನು 'ಹಾರ್ಬರ್' ಮಾಡುತ್ತಿರುತ್ತದೆ. ದೋಣಿ, ಆರೋಪಿ, ಉಣುಗು: ಈ ಮೂರಕ್ಕೂ ಏನು ನಂಟು?

ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಂತಹ ಊರಿನ ಓದುಗರಿಗೆ ಈ ಪ್ರಶ್ನೆ ದೂರದ್ದೆನಿಸಬಹುದು. ಅನಂತನಾಥ ಬಸದಿಗೆ ಹೆಸರಾದ ಮೇಳಿಗೆ ಇರುವುದು ಘಟ್ಟದ ಮೇಲೆ. ಅಡಿಕೆ ತೋಟ, ಗದ್ದೆ, ಕಾಡುಗಳ ನಡುವೆ. ಹಡಗು ಇಲ್ಲಿಗೆ ಬರುವ ಮಾತಿಲ್ಲ. ಹಾಗೆ ನೋಡಿದರೆ ಈ ಸೀಮೆಯ ಊರ ಹೆಸರುಗಳಲ್ಲಿ ನೀರಿಗೆ ಬರವೇನೂ ಇಲ್ಲ. ಸಂಸ್ಕೃತದಲ್ಲಿ 'ತೀರ್ಥ' ಎಂದರೆ ಮೊದಲಿಗೆ ನೀರಿಗೆ ಇಳಿಯುವ ಜಾಗ, ಹೊಳೆ ದಾಟುವ ಕಡವು. ಪುಣ್ಯಸ್ಥಳವೆಂಬ ಅರ್ಥ ಆಮೇಲಿನದು. ಸಾಗರಕ್ಕೆ ಆ ಹೆಸರು ಬಂದದ್ದು ಕಡಲಿನಿಂದಲ್ಲ, ಕೆಳದಿಯ ಸದಾಶಿವ ನಾಯಕನ ಹೆಸರಿನ ಸದಾಶಿವಸಾಗರವೆಂಬ ಕೆರೆಯಿಂದ. ಕಡಲೇ ಇಲ್ಲದ ಸಾಗರದ ಸೀಮೆಗೂ 'ಹಾರ್ಬರ್' ಪದಕ್ಕೂ ಹತ್ತಿರದ ನಂಟಿದೆ ಎಂದರೆ ನಗು ಬರಬಹುದು. ಆದರೆ ಪದದ ಹುಟ್ಟನ್ನು ಕೆದಕಿದರೆ ಆ ಮಾತು ಅಷ್ಟೇನೂ ವಿಚಿತ್ರವಲ್ಲ.

ಪಾಳೆಯದಿಂದ ಬಂದರಿಗೆ

'ಹಾರ್ಬರ್' ಪದದ ಬೇರಿನಲ್ಲಿ ಸಮುದ್ರವಿಲ್ಲ. ಹಳೆಯ ಇಂಗ್ಲಿಷಿನಲ್ಲಿ 'ಹೆರೆ' ಎಂದರೆ ದಂಡು, ಸೈನ್ಯ. 'ಬೆಯೊರ್ಗ್' ಎಂದರೆ ಕಾಪು, ಆಸರೆ. ಎರಡೂ ಕೂಡಿದಾಗ ಆದದ್ದು ದಂಡು ತಂಗುವ ಜಾಗ, ಅಂದರೆ ಪಾಳೆಯ. ನಮ್ಮ ಶಾಸನಗಳ 'ಬೀಡು', 'ನೆಲೆವೀಡು' ಈ ಅರ್ಥಕ್ಕೆ ಬಹಳ ಹತ್ತಿರದವು. (ಕೆಳದಿ ಅರಸರ ರಾಜಧಾನಿ ಬಿದನೂರಿಗೆ ಈ 'ಬೀಡು' ಸಂಬಂಧವಿಲ್ಲ. ಅಲ್ಲಿರುವುದು ಬಿದಿರು. ಅದಕ್ಕೇ ಸಂಸ್ಕೃತದವರು ಆ ಊರನ್ನು ವೇಣುಪುರ ಎಂದರು.) ದಂಡಿನ ತಂಗುದಾಣ ಕ್ರಮೇಣ ದಾರಿಹೋಕರ ತಂಗುದಾಣವಾಯಿತು, ಛತ್ರ, ಬಿಡಾರ ಎಂಬ ಅರ್ಥ ಬಂತು. ಫ್ರೆಂಚರು ಪ್ರಯಾಣಿಕರ ವಸತಿಗೃಹಕ್ಕೆ ಹೇಳುವ 'ಓಬೆರ್ಜ್', ಜರ್ಮನ್ನರ 'ಹೆರ್ಬೆರ್ಗೆ' ಇದೇ ಮನೆತನದ ಮಾತುಗಳು. ಇಂಗ್ಲಿಷಿನ 'ಹಾರ್ಬಿಂಜರ್' ಕೂಡ ಹಾಗೆಯೇ. ಅದನ್ನು ಇಂದು 'ಮುನ್ಸೂಚಕ' ಎಂದು ಕನ್ನಡಿಸುತ್ತಾರೆ. ಒಂದು ಕಾಲಕ್ಕೆ ಹಾರ್ಬಿಂಜರ್ ಎಂದರೆ ದೊರೆಯ ಸವಾರಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ರಾತ್ರಿಯ ಬಿಡಾರಕ್ಕೆ ಏರ್ಪಾಡು ಮಾಡುವ ಆಳು. ಅವನು ಬಂದನೆಂದರೆ ಹಿಂದೆ ದೊರೆ ಬರುತ್ತಿದ್ದಾನೆಂದು ಊರವರು ತಿಳಿಯುತ್ತಿದ್ದರು. ಮುನ್ಸೂಚನೆಯ ಅರ್ಥ ಹೀಗೆ ಹುಟ್ಟಿತು.

ಹಡಗಿಗೂ ಗಾಳಿ ಮಳೆಯಲ್ಲಿ ತಂಗಲು ಜಾಗ ಬೇಕಲ್ಲ? ಆ ಅರ್ಥ ಬಂದದ್ದು ತಡವಾಗಿ. ಬಂದ ಮೇಲೆ ಮಾತ್ರ ಅದು ಉಳಿದವನ್ನೆಲ್ಲ ಮೂಲೆಗೆ ತಳ್ಳಿತು. ಹಳೆಯ ಅರ್ಥ ಊರ ಹೆಸರುಗಳಲ್ಲಿ ಅಲ್ಲಲ್ಲಿ ಉಳಿದುಕೊಂಡಿದೆ. ಅಮೆರಿಕದ ಅಂತರ್ಯುದ್ಧದಲ್ಲಿ 1864ರ ಘೋರ ಕದನವೊಂದು ನಡೆದದ್ದು ವರ್ಜೀನಿಯಾದ 'ಕೋಲ್ಡ್ ಹಾರ್ಬರ್' ಎಂಬಲ್ಲಿ. ಅಲ್ಲಿ ಬಂದರೂ ಇಲ್ಲ, ಹಡಗೂ ಇಲ್ಲ. ಇಂಗ್ಲೆಂಡಿನಲ್ಲಿಯೂ ಇದೇ ಹೆಸರಿನ ಒಳನಾಡ ಸ್ಥಳಗಳು ಹಲವು ಇವೆ.

ಬಂದರು, ರೇವು, ಅಳಿವೆ

ಇಂಗ್ಲಿಷಿನವರು 'ಪೋರ್ಟ್' ಬೇರೆ, 'ಹಾರ್ಬರ್' ಬೇರೆ ಎನ್ನುತ್ತಾರೆ. ಅಲೆಯ ಹೊಡೆತವಿಲ್ಲದೆ ಹಡಗು ನಿಶ್ಚಿಂತೆಯಿಂದ ನಿಲ್ಲಬಲ್ಲ ನೀರು ಹಾರ್ಬರ್. ಸರಕು ಇಳಿಸುವ ಕಟ್ಟೆ, ಗೋದಾಮು, ಸುಂಕದ ಕಚೇರಿ ಎಲ್ಲ ಸೇರಿದರೆ ಪೋರ್ಟ್. ಮೊದಲನೆಯದನ್ನು ಪ್ರಕೃತಿ ಕೊಡಬಹುದು. ಎರಡನೆಯದನ್ನು ಮನುಷ್ಯನೇ ಕಟ್ಟಬೇಕು. ಗುಡ್ಡ ಮತ್ತು ದ್ವೀಪಗಳ ಮರೆಯಲ್ಲಿರುವ ಕಾರವಾರ ಪ್ರಕೃತಿ ಕೊಟ್ಟ ಹಾರ್ಬರ್. ಪಣಂಬೂರಿನ ನವಮಂಗಳೂರು ಬಂದರಿನಲ್ಲಿ ಆ ಮೊದಲನೆಯದನ್ನೂ ಮನುಷ್ಯನೇ ಮಾಡಿಕೊಂಡ. ತೀರವನ್ನು ಅಗೆದು, ಹೂಳೆತ್ತಿ, ಕಡಲನ್ನು ಒಳಕ್ಕೆ ಕರೆದುಕೊಂಡ. ಅದು ದೇಶದ ಪ್ರಮುಖ ಬಂದರುಗಳ ಪಟ್ಟಿಗೆ ಸೇರಿದ್ದು 1974ರಲ್ಲಿ, ಪ್ರಧಾನಿ ಇಂದಿರಾ ಗಾಂಧಿಯವರಿಂದ ಉದ್ಘಾಟನೆಯಾದದ್ದು 1975ರ ಜನವರಿಯಲ್ಲಿ.

ಕನ್ನಡದಲ್ಲಿ ಈ ಎರಡಕ್ಕೂ ಸಾಮಾನ್ಯವಾಗಿ 'ಬಂದರು' ಎಂದೇ ಹೇಳುತ್ತೇವೆ. ಅದು ಪಾರಸಿ ಮಾತು. ಇರಾನಿನ ಬಂದರ್ ಅಬ್ಬಾಸ್‌ನಿಂದ ಬ್ರೂನೈ ರಾಜಧಾನಿ ಬಂದರ್ ಸೆರಿ ಬೆಗವಾನ್‌ವರೆಗೆ ಹಿಂದೂ ಮಹಾಸಾಗರದ ದಂಡೆಯುದ್ದಕ್ಕೂ ವ್ಯಾಪಾರಿಗಳ ನಾಲಗೆಯ ಮೇಲೆ ಸಾಗಿ ಬಂದದ್ದು. ಆಂಧ್ರದ ಮಚಲೀಪಟ್ಟಣವನ್ನು ಜನ ಬಂದರು ಎಂದೇ ಕರೆಯುತ್ತಾರೆ. ಬಂದರು ಲಡ್ಡುವಿನ ಊರು ಅದೇ. ಬಂದರಿನ ಅಧಿಕಾರಿಗೆ 'ಶಾಬಂದರ್' ಎಂಬ ಪದವಿಯಿತ್ತು. ಭಟ್ಕಳದ ನವಾಯತರಲ್ಲಿ ಶಾಬಂದ್ರಿ ಎಂಬ ಮನೆತನದ ಹೆಸರು ಇಂದಿಗೂ ಕೇಳಿಬರುತ್ತದೆ. ಇದಲ್ಲದೆ 'ರೇವು' ಉಂಟು, ಮಂಗಳೂರಿಗರ 'ಧಕ್ಕೆ' ಉಂಟು. ಇವೆಲ್ಲಕ್ಕಿಂತ ಮುಖ್ಯವಾದ ಮಾತು 'ಅಳಿವೆ', ಅಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಮಂಗಳೂರು, ಗಂಗೊಳ್ಳಿ, ಹೊನ್ನಾವರ ಮುಂತಾದ ಹಳೆಯ ಬಂದರುಗಳು ಅಳಿವೆಯ ಒಳಗೆ, ಮರಳ ದಿಬ್ಬದ ಮರೆಯಲ್ಲಿ ಬೆಳೆದವು. ಆ ಮರಳ ದಿಬ್ಬವೇ ಆಸರೆ, ಅದೇ ಅಪಾಯ. ದೊಡ್ಡ ಹಡಗು ಅಳಿವೆ ದಾಟಿ ಒಳಬರಲಾರದೆ ಹೊರಗೆ ಲಂಗರು ಹಾಕಬೇಕು. ಮಳೆಗಾಲದಲ್ಲಂತೂ ವ್ಯವಹಾರವೇ ನಿಲ್ಲುತ್ತಿತ್ತು. ಹೂಳು ತುಂಬಿದ ಅಳಿವೆ ಬಾಗಿಲಲ್ಲಿ ಮೀನುಗಾರರ ದೋಣಿ ಮಗುಚುವ ಸುದ್ದಿ ಈಗಲೂ ಬರುತ್ತಿರುತ್ತದೆ.

ಘಟ್ಟದ ಮೇಲಿನವರಿಗೂ ಸರ್ಕಾರದ ಬಂದರು ಇಲಾಖೆ ಅಪರಿಚಿತವಲ್ಲ ಎಂಬುದು ಇಲ್ಲಿ ನೆನೆಯಬೇಕಾದ ಸಂಗತಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದಾಗ ಸಾಗರ ತಾಲ್ಲೂಕಿನ ಹಲವು ಊರುಗಳು ನೀರಿನಾಚೆ ಉಳಿದವು. ದಶಕಗಳ ಕಾಲ ಅವರಿಗೆ ಪೇಟೆಯ ದಾರಿ ಎಂದರೆ ಹೊಳೆಬಾಗಿಲಿನ ಲಾಂಚು. ಅದನ್ನು ಓಡಿಸುತ್ತಿದ್ದುದು ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆ. ಬಸ್ಸು, ಜೀಪು, ಬಾಣಂತಿ, ಸಿಗಂದೂರಿನ ಭಕ್ತರು ಎಲ್ಲರೂ ಅದರಲ್ಲೇ ದಾಟಬೇಕಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ದಡದಲ್ಲೇ ರಾತ್ರಿ. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಉದ್ಘಾಟನೆಯಾಗಿ ಆ ಕಾಯುವಿಕೆ ಮುಗಿಯಿತು.

ಎರಡೂ ಅರ್ಥ ಕೂಡಿದ್ದು ಬಿದನೂರಿನಲ್ಲಿ

ಹಾರ್ಬರ್‌ನ ಹಳೆಯ ಅರ್ಥವನ್ನೂ ಹೊಸ ಅರ್ಥವನ್ನೂ ಒಟ್ಟಿಗೆ ಆಳಿದವರನ್ನು ಹುಡುಕಿದರೆ ಕಾಣುವುದು ಕೆಳದಿಯ ನಾಯಕರು. ಅವರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ 17ನೇ ಶತಮಾನದಲ್ಲಿ ಬಿದನೂರಿಗೆ ಬಂತು. ಬಿದನೂರೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಈ ಆಯ್ಕೆಗೆ ಕಾರಣ ಭೂಪಟದಲ್ಲೇ ಇದೆ: ಊರು ಕೂತಿರುವುದು ಹೊಸಂಗಡಿ ಘಾಟಿಯ ನೆತ್ತಿಯಲ್ಲಿ. ಮೇಲಿನಿಂದ ಮೆಣಸು, ಅಡಿಕೆ, ಅಕ್ಕಿ ಇಳಿಯಬೇಕು, ಕೆಳಗಿನಿಂದ ಉಪ್ಪು, ಕುದುರೆ, ಪರದೇಶದ ಸರಕು ಏರಬೇಕು; ಸುಂಕದ ಕಟ್ಟೆ ನಡುವಿನಲ್ಲಿ. ಘಟ್ಟದ ತುದಿಯ ಈ ಊರಿನ ನಿಜವಾದ ಬಾಗಿಲುಗಳು ಬಸರೂರು, ಗಂಗೊಳ್ಳಿ, ಹೊನ್ನಾವರ, ಮಂಗಳೂರುಗಳಲ್ಲಿದ್ದವು. ಆ ಬಾಗಿಲುಗಳ ಬೀಗದ ಕೈ ಮಾತ್ರ ಬಹುಕಾಲ ಪೋರ್ಚುಗೀಸರ ಬಳಿ ಇತ್ತು. 1650ರ ದಶಕದಲ್ಲಿ ಶಿವಪ್ಪ ನಾಯಕ ಅವರ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಬಸರೂರಿನ ಸಿರಿ ಎಷ್ಟಿತ್ತೆಂದರೆ 1665ರಲ್ಲಿ ಶಿವಾಜಿ ಸ್ವತಃ ಹಡಗು ಪಡೆಯೊಂದಿಗೆ ಬಂದು ಅದನ್ನು ಕೊಳ್ಳೆ ಹೊಡೆದ.

ಅದೇ ಶಿವಾಜಿಯ ಮಗ 24 ವರ್ಷಗಳ ನಂತರ ಅದೇ ನಾಡಿಗೆ ಬಂದ, ಈ ಬಾರಿ ಆಸರೆ ಬೇಡಿಕೊಂಡು. 1689ರಲ್ಲಿ ಔರಂಗಜೇಬ ಸಂಭಾಜಿಯನ್ನು ಹಿಡಿದು ಕೊಲ್ಲಿಸಿದ್ದ. ತಮ್ಮ ರಾಜಾರಾಮ ಮೊಗಲರ ಕಣ್ಣು ತಪ್ಪಿಸಿ ದೂರದ ಜಿಂಜಿ ಕೋಟೆಗೆ ಹೊರಟವನು ಕೆಳದಿಯ ಸೀಮೆಗೆ ಬಂದು ರಾಣಿ ಚೆನ್ನಮ್ಮನ ಮರೆಹೊಕ್ಕ. ಪತಿ ಸೋಮಶೇಖರ ನಾಯಕನ ನಂತರ ರಾಜ್ಯವಾಳುತ್ತಿದ್ದ ರಾಣಿಗೆ ಇದರ ಬೆಲೆ ಗೊತ್ತಿರಲಿಲ್ಲವೆಂದು ಹೇಳಲಾಗದು. ಬಿಜಾಪುರ, ಗೋಲ್ಕೊಂಡಗಳೇ ಅದಾಗಲೇ ಔರಂಗಜೇಬನ ಕೈಸೇರಿದ್ದವು. ಬಸರೂರಿನ ಕೊಳ್ಳೆಯನ್ನು ನೆನೆದು ಬಾಗಿಲು ಹಾಕಿಕೊಳ್ಳಲೂ ಕಾರಣವಿತ್ತು. ಆದರೂ ರಾಣಿ ಅವನನ್ನು ತನ್ನ ಸೀಮೆಯಲ್ಲಿ ಕಾಪಾಡಿ ಮುಂದಕ್ಕೆ ಕಳುಹಿಸಿದಳು. ಬೆನ್ನಲ್ಲೇ ಮೊಗಲ್ ಸೇನೆ ಬಂತು. ಆಮೇಲಿನ ಕಥೆಯನ್ನು ಎರಡು ಕಡೆಯವರೂ ಬೇರೆ ಬೇರೆಯಾಗಿ ಹೇಳುತ್ತಾರೆ. ಕೆಳದಿಯ ಕಡೆಯವರಿಗೆ ಅದು ರಾಣಿಯ ಗೆಲುವು. ಮೊಗಲ್ ಕಡೆಯವರಿಗೆ ದಂಡ ತೆತ್ತು ಮುಗಿಸಿಕೊಂಡ ಜಗಳ. ಏನೇ ಇರಲಿ, ರಾಜಾರಾಮ ಜಿಂಜಿ ತಲುಪಿದ, ಕೆಳದಿಯೂ ಉಳಿಯಿತು.

ಕನ್ನಡ ನಾಡಿನ ಅರಸರ ಬಿರುದುಗಳಲ್ಲಿ 'ಶರಣಾಗತ ವಜ್ರಪಂಜರ' ಎಂಬುದು ಮತ್ತೆ ಮತ್ತೆ ಬರುತ್ತದೆ. ಮರೆಹೊಕ್ಕವನ ಸುತ್ತ ವಜ್ರದ ಪಂಜರದಂತೆ ನಿಲ್ಲುವವನು ಎಂದು ಅದರ ಅರ್ಥ. ಕಲ್ಲಿನಲ್ಲಿ ಕೆತ್ತಿಸಿಕೊಳ್ಳುವುದು ಸುಲಭ. ಔರಂಗಜೇಬನ ದಂಡು ಬರುವಾಗ ಅದನ್ನು ನಡೆಸಿ ತೋರಿಸಿದವಳು ಚೆನ್ನಮ್ಮ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದು ಹೈದರ್‌ನಗರವೆಂದು ಹೆಸರಿಟ್ಟ. ಘಟ್ಟದ ಮೇಲಿನ ಈ ಒಂದು ಊರು ಕೈವಶವಾದದ್ದರಿಂದಲೇ ಮೈಸೂರಿಗೆ ಕರಾವಳಿಯ ಬಂದರುಗಳೂ ಸಿಕ್ಕವು.

ಒಂದು ಊಟದ ಕಾನೂನು

ಚೆನ್ನಮ್ಮ ಮಾಡಿದ ಕೆಲಸವನ್ನು ಔರಂಗಜೇಬನ ಕಣ್ಣಿನಿಂದ ನೋಡಿದರೆ ಅದು ಅಪರಾಧ. ಇಂದಿನ ಕಾನೂನಿನ 'ಹಾರ್ಬರ್' ಆ ಕಣ್ಣಿನ ಪದ. 1860ರ ಭಾರತೀಯ ದಂಡಸಂಹಿತೆಯ 212ನೇ ಕಲಮು ಅಪರಾಧಿಗೆ ಆಸರೆ ಕೊಡುವುದನ್ನು ಶಿಕ್ಷಾರ್ಹವೆಂದಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 249ನೇ ಕಲಮು. ಮರಣದಂಡನೆಗೆ ಅರ್ಹವಾದ ಅಪರಾಧ ಮಾಡಿದವನನ್ನು ಬಚ್ಚಿಟ್ಟರೆ ಐದು ವರ್ಷಗಳವರೆಗೆ ಸೆರೆವಾಸ, ಜೊತೆಗೆ ದಂಡ. ಆಸರೆ ಎಂದರೆ ಬರೀ ಸೂರಲ್ಲ. ಅನ್ನ, ನೀರು, ಹಣ, ಬಟ್ಟೆ, ಆಯುಧ, ಗಾಡಿ ಇವನ್ನು ಒದಗಿಸುವುದು, ಇನ್ನಾವುದೇ ರೀತಿಯಲ್ಲಿ ಸೆರೆ ತಪ್ಪಿಸಿಕೊಳ್ಳಲು ನೆರವಾಗುವುದು ಕೂಡ ಕಾನೂನಿನ ಭಾಷೆಯಲ್ಲಿ ಹಾರ್ಬರ್. ಭಯೋತ್ಪಾದನೆಯ ಪ್ರಕರಣವಾದರೆ 1967ರ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯ 19ನೇ ಕಲಮು ಬರುತ್ತದೆ. ಅಲ್ಲಿ ಶಿಕ್ಷೆ ಮೂರು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಹೋಗಬಹುದು.

ಎರಡು ಅಂಶಗಳನ್ನು ಇಲ್ಲಿ ಬಿಡಿಸಿ ಹೇಳಬೇಕು. ಮೊದಲನೆಯದು ತಿಳಿವಳಿಕೆ. ಬಂದವನು ಅಪರಾಧಿಯೆಂದು ಗೊತ್ತಿರಬೇಕು ಅಥವಾ ಹಾಗೆ ನಂಬಲು ಕಾರಣವಿರಬೇಕು. ಅವನನ್ನು ಶಿಕ್ಷೆಯಿಂದ ಮರೆಮಾಡುವ ಉದ್ದೇಶವೂ ಇರಬೇಕು. ಹೊತ್ತು ಮುಳುಗಿದ ಮೇಲೆ ಬಾಗಿಲಿಗೆ ಬಂದ ಅಪರಿಚಿತನಿಗೆ ಏನೂ ಅರಿಯದೆ ಬಡಿಸಿದ ಊಟ ಅಪರಾಧವಲ್ಲ. ಎರಡನೆಯದು ವಿನಾಯಿತಿ. ಅಪರಾಧಿಯ ಗಂಡ ಅಥವಾ ಹೆಂಡತಿ ಆಸರೆ ಕೊಟ್ಟರೆ 249ನೇ ಕಲಮು ಅನ್ವಯಿಸದು. ಅಷ್ಟೇ. ತಾಯಿಗೆ ವಿನಾಯಿತಿಯಿಲ್ಲ, ತಂದೆಗಿಲ್ಲ, ಒಡಹುಟ್ಟಿದವರಿಗಿಲ್ಲ. ಕೊಲೆ ಮಾಡಿ ಓಡಿಬಂದ ಮಗನನ್ನು ಅಟ್ಟದ ಮೇಲೆ ಬಚ್ಚಿಟ್ಟು ಅನ್ನ ಕೊಟ್ಟ ತಾಯಿ ಕಾನೂನಿನ ಕಣ್ಣಿಗೆ ಹಾರ್ಬರ್ ಮಾಡಿದವಳೇ. ಕನ್ನಡದ ಯಾವ ಮನೆಯಲ್ಲೂ ಈ ಮಾತನ್ನು ಸಲೀಸಾಗಿ ಒಪ್ಪಿಸುವುದು ಕಷ್ಟ.

ಮಲೆನಾಡಿಗೆ ಇದು ಪುಸ್ತಕದ ಪ್ರಶ್ನೆಯಾಗಿ ಉಳಿಯಲಿಲ್ಲ. ತೀರ್ಥಹಳ್ಳಿ, ಹೊಸನಗರ, ಶೃಂಗೇರಿ, ಕೊಪ್ಪದ ಕಾಡಂಚಿನ ಒಂಟಿಮನೆಗಳ ಬಾಗಿಲನ್ನು 2000ದ ದಶಕದಲ್ಲಿ ನಕ್ಸಲರು ರಾತ್ರಿ ತಟ್ಟುತ್ತಿದ್ದರು, ಬೆಳಗಾದರೆ ಪೊಲೀಸರು. ಬಂದೂಕು ಹಿಡಿದು ನಿಂತವರಿಗೆ ಅಕ್ಕಿ ಇಲ್ಲ ಎನ್ನುವಂತಿಲ್ಲ. ಕೊಟ್ಟೆ ಎಂದು ಮರುದಿನ ಒಪ್ಪಿಕೊಳ್ಳುವಂತೆಯೂ ಇಲ್ಲ. ಹೆದರಿ ಕೊಟ್ಟದ್ದು ಯಾವುದು, ಮನಸಾರೆ ಕೊಟ್ಟದ್ದು ಯಾವುದು ಎಂಬುದನ್ನು ತಪ್ಪಲೆಯಲ್ಲಿ ಉಳಿದ ಅನ್ನ ಹೇಳುವುದಿಲ್ಲ. 2025ರ ಜನವರಿಯಲ್ಲಿ ಆರು ಮಂದಿ ನಕ್ಸಲರು ಬೆಂಗಳೂರಿನಲ್ಲಿ ಮುಖ್ಯಮಂತ್ರಿಯ ಎದುರು ಶರಣಾದಾಗ ಆ ಅಧ್ಯಾಯ ಬಹುಮಟ್ಟಿಗೆ ಮುಚ್ಚಿತು.

ಆಸರೆಗೆ ಈ ವಿಶಾಲವಾದ ವ್ಯಾಖ್ಯೆ ದಂಡಸಂಹಿತೆಯೊಳಗೆ ಸೇರಿದ ವರ್ಷ 1942. ಇದೇ ಶಿವಮೊಗ್ಗ ಜಿಲ್ಲೆಯ ಈಸೂರು ಆ ವರ್ಷ ಸ್ವತಂತ್ರವೆಂದು ಸಾರಿಕೊಂಡಿತು. ಸೆಪ್ಟೆಂಬರಿನ ಘರ್ಷಣೆಯ ನಂತರ ಊರವರು ಕಾಡುಪಾಲಾದರು, ಮರುವರ್ಷ ಐವರನ್ನು ಗಲ್ಲಿಗೇರಿಸಲಾಯಿತು. ಎರಡೂ ಒಂದೇ ವರ್ಷದವು ಎಂಬುದು ಕಾಕತಾಳೀಯವಷ್ಟೆ. ಆದರೆ ಭೂಗತರಾದ ಚಳವಳಿಗಾರರಿಗೆ ಅಂದು ಗುಟ್ಟಾಗಿ ಊಟ ಹಾಕಿದವರನ್ನು ಆಯಾ ಊರು ಇಂದಿಗೂ ಹೆಮ್ಮೆಯಿಂದ ನೆನೆಯುತ್ತದೆ.

ಇಟ್ಟುಕೊಳ್ಳುವುದು

ಹೀಗಿರುವಾಗ 'ಹಾರ್ಬರ್' ಕ್ರಿಯಾಪದಕ್ಕೆ 'ಆಶ್ರಯ ಕೊಡು' ಎಂಬ ಅನುವಾದ ಎಷ್ಟು ಸರಿ? ಕನ್ನಡದಲ್ಲಿ ಆಶ್ರಯ ಪುಣ್ಯದ ಮಾತು. ಅನಾಥಾಶ್ರಯವಿದೆ; 1990ರ ದಶಕದಲ್ಲಿ ಬಡವರಿಗೆ ಮನೆ ಕಟ್ಟಿಕೊಡಲು ರಾಜ್ಯ ಸರ್ಕಾರ ತಂದ ಯೋಜನೆಯ ಹೆಸರೇ 'ಆಶ್ರಯ'. ಇಂಗ್ಲಿಷಿನ ಈ ಕ್ರಿಯಾಪದಕ್ಕಾದರೋ ಕಾಲಾಂತರದಲ್ಲಿ ಕಪ್ಪು ಅಂಟಿದೆ. ಅದು ಕಳ್ಳನನ್ನು, ಹಗೆಯನ್ನು, ಅನುಮಾನವನ್ನು, ರೋಗವನ್ನು ಒಳಗಿಟ್ಟುಕೊಳ್ಳುವ ಮಾತು. ಆಸೆಯನ್ನು ಹಾರ್ಬರ್ ಮಾಡುವುದೂ ಉಂಟು, ಆದರೆ ಅಲ್ಲಿಯೂ ಗುಟ್ಟಿನ ವಾಸನೆ ಇರುತ್ತದೆ.

ಇದಕ್ಕೆ ಸರಿಸಾಟಿಯಾದ ಕನ್ನಡ ಪದ ನಿಘಂಟಿನ ದೊಡ್ಡ ಪದಗಳಲ್ಲಿಲ್ಲ, ದಿನಬಳಕೆಯ ಮಾತಿನಲ್ಲಿದೆ: 'ಇಟ್ಟುಕೊಳ್ಳು'. ಕಳ್ಳನನ್ನು ಮನೆಯಲ್ಲಿ ಇಟ್ಟುಕೊಂಡ, ಹಳೆಯ ಜಗಳವನ್ನು ಮನಸ್ಸಿನಲ್ಲಿ ಇಟ್ಟುಕೊಂಡ, ಇಲ್ಲದ ಆಸೆ ಇಟ್ಟುಕೊಂಡ. ಇಂಗ್ಲಿಷಿನ ಪದ ಹೋಗುವ ಹೆಚ್ಚಿನ ಕಡೆಗೆಲ್ಲ ಇದು ಹೋಗುತ್ತದೆ, ಅದೇ ಕಳಂಕವನ್ನೂ ಹೊತ್ತು. (ಮದುವೆಯಾಗದೆ 'ಇಟ್ಟುಕೊಂಡ' ಎಂದರೆ ಊರಿನವರಿಗೆ ಬೇರೆ ವಿವರಣೆ ಬೇಕಿಲ್ಲ.) ಕನ್ನಡ ಇನ್ನೊಂದು ಸೂಕ್ಷ್ಮವನ್ನೂ ಕಾಯ್ದುಕೊಂಡಿದೆ. ತಪ್ಪನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ಹಗೆ. ಅದೇ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡರೆ ಕ್ಷಮೆ. ಒಂದು ಗೇಣಿನ ಅಂತರದಲ್ಲಿ ಅರ್ಥ ತಿರುಗುಮುರುಗಾಗುತ್ತದೆ.

ಹೊಸ ಕಾಲದ 'ಸೇಫ್ ಹಾರ್ಬರ್' ಎಂಬ ಮಾತೂ ಈಗ ಸುದ್ದಿಯಲ್ಲಿದೆ. ಜಾಲತಾಣದಲ್ಲಿ ಬಳಕೆದಾರರು ಹಾಕಿದ ಬರಹಕ್ಕೆ ಅದನ್ನು ನಡೆಸುವ ಕಂಪೆನಿ ಹೊಣೆಯಲ್ಲ, ಆದರೆ ಕೆಲವು ಷರತ್ತುಗಳನ್ನು ಪಾಲಿಸಬೇಕು ಎನ್ನುವ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಕಲಮಿನ ರಕ್ಷಣೆಗೆ ಈ ಹೆಸರು. 2025ರ ಸೆಪ್ಟೆಂಬರಿನಲ್ಲಿ 'ಎಕ್ಸ್' ಕಂಪೆನಿಯ ಅರ್ಜಿಯನ್ನು ಕರ್ನಾಟಕ ಹೈಕೋರ್ಟು ವಜಾ ಮಾಡಿದಾಗ ಇದರ ಚರ್ಚೆ ನಡೆದಿತ್ತು. ಇದನ್ನು 'ಸುರಕ್ಷಿತ ಬಂದರು' ಎಂದು ಪದಕ್ಕೆ ಪದ ಇಟ್ಟರೆ ಓದುಗ ಹಡಗನ್ನೇ ಹುಡುಕಿಯಾನು. 'ಹೊಣೆಯಿಂದ ರಕ್ಷಣೆ' ಎಂದರೆ ಸಾಕು.

ಅನುವಾದ ಎಡವಿದರೆ ನಿಜವಾಗಿ ತೊಂದರೆಯಾಗುವುದು ಉಣುಗಿನ ವಿಷಯದಲ್ಲಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಕಾಯಿಲೆಗೆ ಜನ ಮಂಗನ ಕಾಯಿಲೆ ಎಂದರು, ಮಂಗಗಳು ಸಾಲಾಗಿ ಸತ್ತು ಬೀಳುತ್ತಿದ್ದವಾದ್ದರಿಂದ. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಅದು ಮತ್ತೆ ಹಬ್ಬಿ ಹಲವರನ್ನು ಬಲಿ ತೆಗೆದುಕೊಂಡಿತು. ಮಂಗ ವೈರಸ್ಸಿಗೆ 'ಆಶ್ರಯ ಕೊಟ್ಟಿದೆ' ಎಂದು ಬರೆದರೆ ಮಂಗವೇ ತಪ್ಪಿತಸ್ಥನೆಂದು ಅರ್ಥವಾಗುತ್ತದೆ. ಮಂಗ ಮನುಷ್ಯನ ಹಾಗೆಯೇ ಈ ರೋಗಕ್ಕೆ ತುತ್ತಾಗುವ ಜೀವ. ವೈರಸ್ಸನ್ನು ಬಹುಕಾಲ ಮೈಯೊಳಗೆ ಇಟ್ಟುಕೊಳ್ಳುವುದು ಉಣುಗು; ಮರಿಯಾಗಿದ್ದಾಗ ಹೊಕ್ಕ ವೈರಸ್ಸು ಅದು ಮುಂದಿನ ಹಂತಕ್ಕೆ ಬೆಳೆದರೂ ಒಳಗೇ ಉಳಿಯುತ್ತದೆ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಉಣುಗುಗಳು ಅದನ್ನು ಬಿಟ್ಟು ಸುತ್ತಲಿನ ಒಣಗಿದೆಲೆಗೆ ಇಳಿಯುತ್ತವೆ. ಡಿಸೆಂಬರಿನಿಂದ ಮೇವರೆಗೆ, ಸೌದೆಗೆ, ದರಗಿಗೆ, ದನ ಮೇಯಿಸಲಿಕ್ಕೆ ಜನ ಕಾಡಿಗೆ ಹೋಗುವ ಆ ತಿಂಗಳುಗಳಲ್ಲೇ, ಅವು ಹೆಚ್ಚು. ಸತ್ತ ಮಂಗ ಕಂಡಲ್ಲಿಗೆ ಹೋಗದೆ ಮೊದಲು ಆರೋಗ್ಯ ಕೇಂದ್ರಕ್ಕೆ ತಿಳಿಸಿ ಎಂದು ಆರೋಗ್ಯ ಇಲಾಖೆಯವರು ಹೇಳುವುದು ಇದಕ್ಕಾಗಿ.